ಹೊರದೇಶದ ಅಡುಗೆಮನೆಯಲ್ಲಿ ಗಟ್ಟಿ ಮೊಸರು

ಮಕ್ಕಳು ಹೊರದೇಶಕ್ಕೆ ಹೊರಟರೆ ನಮ್ಮ ಮೈಸೂರಿನ ಮನೆಗಳಲ್ಲಿ ವಾರದ ಮೊದಲೇ ಹುರಿಯುವುದು, ಪುಡಿ ಮಾಡುವುದು ಶುರುವಾಗುತ್ತದೆ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಮೆಂತ್ಯದ ಹಿಟ್ಟು ಎಲ್ಲವನ್ನೂ ಕಟ್ಟಿ ಕಳಿಸುತ್ತೇವೆ. ಮೊಸರನ್ನು ಮಾತ್ರ ಕಟ್ಟಿ ಕಳಿಸಲು ಆಗುವುದಿಲ್ಲ. ಬಿಸಿಬೇಳೆಬಾತೇ ತಿಂದಿರಲಿ, ಮುದ್ದೆ ಸಾರೇ ಉಂಡಿರಲಿ, ಕೊನೆಗೆ ನಾಲ್ಕು ತುತ್ತು ಮೊಸರನ್ನ ಇಲ್ಲದಿದ್ದರೆ ನಮಗೆ ಊಟ ಮುಗಿದಂತೆ ಅನಿಸುವುದಿಲ್ಲ, ಅಲ್ವಾ?

ಕೆಲವರು ಸಣ್ಣ ಡಬ್ಬಿಯಲ್ಲಿ ಹೆಪ್ಪು ಒಯ್ಯಲು ನೋಡುತ್ತಾರೆ. ಬೇಡ. ಯುರೋಪಿನ ಒಕ್ಕೂಟದ ದೇಶಗಳಿಗೆ ನಮ್ಮಂಥವರು ಹಾಲು ಮೊಸರಿನ ಪದಾರ್ಥಗಳನ್ನು ಚೀಲದಲ್ಲಿ ತರುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಅಂಥದ್ದು ಇದ್ದರೆ ಇಳಿದ ಕೂಡಲೇ ತಿಳಿಸಬೇಕು, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಇಷ್ಟೆಲ್ಲ ಪಾಡು ಪಡುವ ಅಗತ್ಯವೂ ಇಲ್ಲ. ಮಗಳ ಜೊತೆ ಜರ್ಮನಿಯಲ್ಲಿ, ಮಗನ ಜೊತೆ ಅಮೆರಿಕದಲ್ಲಿ ತಿಂಗಳುಗಟ್ಟಲೆ ಇದ್ದು ಅಡುಗೆ ಮಾಡಿದವಳು ನಾನು. ಅಲ್ಲಿನ ಹಾಲು ಚೆನ್ನಾಗಿದೆ. ಹೆಪ್ಪು ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಸಿಗದಿರುವುದು ನಮ್ಮ ಊರಿನ ಬೆಚ್ಚಗಿನ ಗಾಳಿ ಒಂದೇ. ಅದನ್ನು ನೀವು ಒದಗಿಸಿದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ.

ಮೊದಲು ಹಾಲಿನ ವಿಷಯ. ನಾವು ಬಣ್ಣ ನೋಡಿ ಹಾಲು ಕೊಳ್ಳುವವರು. ಇಲ್ಲಿ ನಂದಿನಿ ನೀಲಿ ಪ್ಯಾಕೆಟ್ ಎಂದರೆ 3 ಪರ್ಸೆಂಟ್ ಕೊಬ್ಬಿನ ಟೋನ್ಡ್ ಹಾಲು. ಇಂಗ್ಲೆಂಡಿನಲ್ಲಿ ನೀಲಿ ಮುಚ್ಚಳ ಎಂದರೆ ಪೂರ್ತಿ ಕೆನೆ ಇರುವ ಹಾಲು, ಹಸಿರು ಎಂದರೆ ಅರ್ಧ ಕೆನೆ ತೆಗೆದದ್ದು, ಕೆಂಪು ಎಂದರೆ ಕೆನೆಯೇ ಇಲ್ಲದ್ದು. ಅಮೆರಿಕಕ್ಕೆ ಹೋದರೆ ಬಹಳ ಕಡೆ ಅದೇ ಕೆಂಪು ಮುಚ್ಚಳ ಪೂರ್ತಿ ಕೆನೆಯ ಹಾಲಿಗೆ! ಆದ್ದರಿಂದ ಬಣ್ಣ ಬಿಟ್ಟು ಬರೆದಿರುವುದನ್ನು ಓದಿ. ಹೋಲ್ ಮಿಲ್ಕ್ ಎಂದಿರಬೇಕು. ಅಮೆರಿಕದ ಹೋಲ್ ಮಿಲ್ಕ್‌ನಲ್ಲಿ ಕನಿಷ್ಠ 3.25, ಯುರೋಪಿನದರಲ್ಲಿ ಕನಿಷ್ಠ 3.5 ಪರ್ಸೆಂಟ್ ಕೊಬ್ಬು ಇರುತ್ತದೆ. ಮೊಸರಿಗೆ ಇಷ್ಟು ಧಾರಾಳ ಸಾಕು. ಕೆನೆ ತೆಗೆದ ಹಾಲೇ ಮನೆಯಲ್ಲಿದ್ದರೆ ಲೀಟರಿಗೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿ ಕಾಯಿಸಿ, ಮೊಸರು ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಡಬ್ಬದ ಹಾಲಿನಿಂದಲೂ ಮೊಸರಾಗುತ್ತದೆ, ಸ್ವಲ್ಪ ಸಡಿಲ ಅಷ್ಟೇ. ತಾಜಾ ಹಾಲು ಸಿಗುವಾಗ ಅದನ್ನೇ ತನ್ನಿ.

ಹೆಪ್ಪು ಕೊಳ್ಳುವಾಗ ಅವಸರ ಬೇಡ. ಆ ಅಂಗಡಿಗಳಲ್ಲಿ ಒಂದು ಗೋಡೆ ತುಂಬ ಮೊಸರಿನ ಡಬ್ಬಗಳೇ ಇರುತ್ತವೆ. ಮುಂದೆ ಬರೆದ ದೊಡ್ಡ ಅಕ್ಷರಕ್ಕಿಂತ ಹಿಂದಿನ ಸಣ್ಣ ಅಕ್ಷರ ಮುಖ್ಯ. ಒಳಗೆ ಏನೇನಿದೆ ಎಂಬಲ್ಲಿ ಹಾಲು ಮತ್ತು ಕಲ್ಚರ್, ಅಂದರೆ ಹಾಲನ್ನು ಮೊಸರು ಮಾಡುವ ಜೀವಿಗಳು, ಎರಡೇ ಇರಬೇಕು. ಲೈವ್ ಕಲ್ಚರ್ ಎಂದು ಬರೆದಿದ್ದರೆ ಒಳ್ಳೆಯದು. ಪೆಕ್ಟಿನ್, ಸ್ಟಾರ್ಚ್, ಜೆಲಾಟಿನ್ ಹಾಕಿ ಗಟ್ಟಿ ಮಾಡಿದ್ದನ್ನು ಅಲ್ಲೇ ಬಿಡಿ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು, ಸಸ್ಯಾಹಾರಿಗಳು ಇದನ್ನು ನೋಡಲೇಬೇಕು. ಮೊಸರಾದ ಮೇಲೆ ಮತ್ತೆ ಬಿಸಿ ಮಾಡಿದ್ದು ಎಂದು ಬರೆದಿದ್ದರೆ ಅದರಲ್ಲಿ ಜೀವ ಉಳಿದಿರುವುದಿಲ್ಲ, ಹೆಪ್ಪಿಗೆ ಬರುವುದಿಲ್ಲ. ಬಿಳಿಯಾಗಿದೆ ಎಂದು ವೆನಿಲಾ ಮೊಸರು ತಂದು ಅದರಲ್ಲಿ ಮಜ್ಜಿಗೆ ಹುಳಿ ಮಾಡಿದವರಿದ್ದಾರೆ. ಪ್ಲೇನ್ ಎಂದಿದೆಯೇ, ಸಕ್ಕರೆ ಹಾಕಿಲ್ಲವೇ ಎಂದು ನೋಡಿ. ತಾರೀಖು ಆದಷ್ಟು ಹೊಸದಿರಲಿ.

ದಿನವೂ ಮನೆಯಲ್ಲಿ ಮಾಡಲು ಆಗದವರು ಕೊಂಡೇ ತಿನ್ನುವುದಾದರೆ ಬಲ್ಗೇರಿಯಾ ಕಡೆಯ ಮೊಸರು ನೋಡಿ. ಅದರ ಹುಳಿ ನಮ್ಮ ನಾಲಿಗೆಗೆ ಹತ್ತಿರ. ಗ್ರೀಕ್ ಮೊಸರು ನೀರು ಬಸಿದು ಗಟ್ಟಿ ಮಾಡಿದ್ದು, ಮೊಸರನ್ನಕ್ಕೆ ಹಾಲು ಬೆರೆಸಿ ಸಡಿಲ ಮಾಡಿಕೊಳ್ಳಬೇಕು. ಹೆಪ್ಪಿಗೂ ಆಗುತ್ತದೆ. ಜರ್ಮನಿಯ ಡಬ್ಬಗಳ ಮೇಲೆ ಮಿಲ್ಡ್ ಎಂದು ಇದ್ದರೆ ಅದು ಹುಳಿ ಕಡಿಮೆ ಇರುವ ಬಗೆ, ಎಷ್ಟು ಹೊತ್ತು ಇಟ್ಟರೂ ನಮಗೆ ಬೇಕಾದ ಹುಳಿ ಬರುವುದಿಲ್ಲ. ಪಕ್ಕದಲ್ಲೇ ಇಟ್ಟಿರುವ ಕ್ವಾರ್ಕ್ ಮೊಸರಲ್ಲ, ಒಂದು ಬಗೆಯ ಮೆದು ಚೀಸ್. ಟರ್ಕಿಯವರ ಅಂಗಡಿ ಹತ್ತಿರ ಇದ್ದರೆ ನಿಮ್ಮ ಪುಣ್ಯ, ದೊಡ್ಡ ಡಬ್ಬದಲ್ಲಿ ಒಳ್ಳೆಯ ಮೊಸರು ಸಿಗುತ್ತದೆ. ದುಬೈ, ಮಸ್ಕತ್ ಕಡೆ ಇರುವವರಿಗೆ ಈ ಚಿಂತೆಯೇ ಇಲ್ಲ. ಅಲ್ಲಿನ ಲಬನ್ ನಮ್ಮ ಮಜ್ಜಿಗೆಯ ಹಾಗೇ ಇರುತ್ತದೆ.

ಹಾಲು ಕಾಯಿಸುವ ಮೊದಲು ಪಾತ್ರೆಗೆ ನಾಲ್ಕು ಚಮಚ ನೀರು ಹಾಕಿ ತಿರುಗಿಸಿ, ಆಮೇಲೆ ಹಾಲು ಸುರಿಯಿರಿ. ತಳ ಹಿಡಿಯುವುದು ಕಡಿಮೆಯಾಗುತ್ತದೆ. ಅಲ್ಲಿನ ಕರೆಂಟ್ ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಸುಡುತ್ತಿರುತ್ತದೆ, ಉಕ್ಕುವ ಹೊತ್ತಿಗೆ ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಿ. ಹಾಲು ಪಾಶ್ಚರೈಸ್ ಆಗಿದೆ, ಮತ್ತೆ ಯಾಕೆ ಕಾಯಿಸಬೇಕು ಎಂದು ಮಕ್ಕಳು ಕೇಳುತ್ತಾರೆ. ಕಾಯಿಸುವುದು ಕ್ರಿಮಿ ಸಾಯಲಿ ಎಂದು ಮಾತ್ರ ಅಲ್ಲ. ಹಾಲು 85 ಡಿಗ್ರಿ ಹತ್ತಿರ ಹತ್ತು ಹದಿನೈದು ನಿಮಿಷ ಇದ್ದರೆ ಅದರ ತಿಳಿನೀರಿನಲ್ಲಿರುವ ಪ್ರೊಟೀನು ಬದಲಾಗಿ, ಹೆಪ್ಪಾಗುವಾಗ ನೀರನ್ನು ಹಿಡಿದುಕೊಳ್ಳುತ್ತದೆ. ಸುಮ್ನೆ ಬೆಚ್ಚಗೆ ಮಾಡಿ ಹೆಪ್ಪು ಹಾಕಿದರೆ ಮೊಸರು ತೆಳ್ಳಗಾಗಿ ನೀರು ಬಿಡುತ್ತದೆ. ಸಣ್ಣ ಉರಿಯಲ್ಲಿ ಸೌಟಾಡಿಸುತ್ತ ಕಾಯಿಸಿ. ಅಲ್ಲಿನ ಹಾಲಿನಲ್ಲಿ ಕೊಬ್ಬನ್ನು ಸಣ್ಣಗೆ ಒಡೆದು ಬೆರೆಸಿರುತ್ತಾರೆ, ಆದ್ದರಿಂದ ಆರಿದ ಮೇಲೆ ದಪ್ಪ ಕೆನೆ ಕಟ್ಟುವುದಿಲ್ಲ. ಅದು ಹಾಲಿನ ದೋಷವಲ್ಲ.

ಇನ್ನು ಬಿಸಿಯ ಮಾತು. ಮೊಸರು ಕೆಡುವುದೆಲ್ಲ ಇಲ್ಲೇ. ಏಪ್ರಿಲ್ ತಿಂಗಳಲ್ಲಿ ಮೈಸೂರು, ಮಂಡ್ಯದಲ್ಲಿ ಹಗಲು 34, 35 ಡಿಗ್ರಿ ಇರುತ್ತದೆ. ಉಗುರು ಬೆಚ್ಚಗಿನ ಹಾಲಿಗೆ ಅರ್ಧ ಚಮಚ ಹೆಪ್ಪು ಬಿಟ್ಟು ಮುಚ್ಚಿಟ್ಟರೆ ಸಾಕು, ಉಳಿದದ್ದನ್ನು ಅಡುಗೆಮನೆಯೇ ನೋಡಿಕೊಳ್ಳುತ್ತದೆ. ಅಲ್ಲಿ ಹೀಟರ್ ಹಾಕಿದ ಮನೆಯೂ 20 ಡಿಗ್ರಿ ಆಸುಪಾಸು. ಉಗುರು ಬೆಚ್ಚಗಿನ ಹಾಲು ಒಂದು ಗಂಟೆಯೊಳಗೆ ತಣ್ಣಗಾಗುತ್ತದೆ, ಹೆಪ್ಪು ಅಲ್ಲಿಗೇ ನಿಂತುಹೋಗುತ್ತದೆ. ಅಂಗಡಿ ಮೊಸರಿನ ಹೆಪ್ಪಿಗೆ 40ರಿಂದ 45 ಡಿಗ್ರಿ ಬೇಕು. ಬೆರಳು ಅದ್ದಿ ನಿಧಾನಕ್ಕೆ ಹತ್ತು ಎಣಿಸಿ. ಬಿಸಿ ಚುರುಕಾಗಿ ತಾಕಬೇಕು, ಆದರೆ ಬೆರಳು ತೆಗೆಯಲೇಬೇಕು ಅನಿಸಬಾರದು. ಅಡುಗೆಯ ಥರ್ಮಾಮೀಟರ್ ಒಂದು ಕೊಂಡರೆ ಇನ್ನೂ ಸುಲಭ. 50 ಡಿಗ್ರಿ ದಾಟಿದ ಹಾಲಿಗೆ ಹೆಪ್ಪು ಹಾಕಬೇಡಿ, ಅದರ ಜೀವಕ್ಕೇ ಕುತ್ತು.

ಲೀಟರಿಗೆ ಒಂದು ದೊಡ್ಡ ಚಮಚ ಹೆಪ್ಪು ಸಾಕು. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ತಪ್ಪು ಎಣಿಕೆ. ಬೇಗ ಹುಳಿಯಾಗಿ, ಮರಳು ಮರಳಾಗಿ, ನೀರು ಬಿಡುತ್ತದೆ. ಹೆಪ್ಪನ್ನು ಫ್ರಿಜ್‌ನಿಂದ ಮೊದಲೇ ತೆಗೆದಿಟ್ಟು, ಒಂದು ಬಟ್ಟಲಿನಲ್ಲಿ ಸ್ವಲ್ಪ ಹಾಲಿನ ಜೊತೆ ಗಂಟಿಲ್ಲದಂತೆ ಕದಡಿ, ಆಮೇಲೆ ಪಾತ್ರೆಗೆ ಸುರಿಯಿರಿ. ಪಾತ್ರೆ ಸ್ಟೀಲ್, ಗಾಜು, ಪಿಂಗಾಣಿ ಯಾವುದಾದರೂ ಸರಿ. ಹಿತ್ತಾಳೆ, ತಾಮ್ರ ಬೇಡ, ಹುಳಿಗೆ ಕಿಲುಬು ಬರುತ್ತದೆ. ಒಳಗೆ ಗಾಜಿನ ಹೊಳಪು ಹಾಕದ ಮಣ್ಣಿನ ಕುಡಿಕೆ ಸಿಕ್ಕರೆ ಬಿಡಬೇಡಿ. ಅದು ನೀರು ಹೀರಿಕೊಂಡು ಮೊಸರನ್ನು ಚಾಕುವಿನಲ್ಲಿ ಕತ್ತರಿಸುವ ಹಾಗೆ ಮಾಡುತ್ತದೆ.

ಬಿಸಿ ಕಾಪಾಡಲು ಹಲವು ದಾರಿ ಇವೆ. ನನಗೆ ಹಿಡಿಸಿದ್ದು ಹಾಟ್‌ಬಾಕ್ಸ್. ಚಪಾತಿ ಇಡುವ ಅದೇ ಡಬ್ಬಿಯಲ್ಲಿ ಮೊದಲು ಬಿಸಿನೀರು ತುಂಬಿ ಐದು ನಿಮಿಷ ಬಿಡಿ. ನೀರು ಚೆಲ್ಲಿ, ಹೆಪ್ಪು ಹಾಕಿದ ಹಾಲು ಸುರಿದು ಮುಚ್ಚಿ, ಹಳೆಯ ಶಾಲಿನಲ್ಲಿ ಸುತ್ತಿಡಿ. ಎಷ್ಟೇ ಚಳಿ ಇದ್ದರೂ ಬೆಳಿಗ್ಗೆಗೆ ಮೊಸರು. ಓವನ್ನಿನ ದೀಪ ಮಾತ್ರ ಹಾಕಿ ಒಳಗಿಡುವುದು ಇನ್ನೊಂದು ದಾರಿ, ಆದರೆ ಹೊಸ ಓವನ್‌ಗಳ ಎಲ್‌ಇಡಿ ದೀಪ ಬಿಸಿ ಕೊಡುವುದಿಲ್ಲ, ಮೊದಲು ಕೈ ಇಟ್ಟು ನೋಡಿ. ಅಂಥ ಓವನ್ ಆದರೆ ಎರಡು ಮೂರು ನಿಮಿಷ ಸಣ್ಣಗೆ ಬಿಸಿ ಮಾಡಿ, ಆರಿಸಿ, ಆಮೇಲೆ ಪಾತ್ರೆ ಇಡಿ. ಆರಿಸುವುದನ್ನು ಮರೆಯಬಾರದು. ಮೈಕ್ರೋವೇವ್ ಆನ್ ಮಾಡದೆ, ಒಳಗೆ ಒಂದು ದೊಡ್ಡ ಲೋಟ ಕುದಿಯುವ ನೀರಿನ ಪಕ್ಕದಲ್ಲಿ ಪಾತ್ರೆ ಇಟ್ಟು ಬಾಗಿಲು ಹಾಕಿದರೂ ಆಗುತ್ತದೆ. ಇನ್‌ಸ್ಟಂಟ್ ಪಾಟ್ ಎಂಬ ಕರೆಂಟ್ ಕುಕ್ಕರ್ ಇದ್ದವರಿಗೆ ಬಹಳ ಮಾದರಿಗಳಲ್ಲಿ ಯೋಗರ್ಟ್ ಎಂಬ ಗುಂಡಿಯೇ ಇದೆ. ಯಾವುದೇ ದಾರಿ ಹಿಡಿಯಿರಿ, ಆರರಿಂದ ಎಂಟು ಗಂಟೆ ಅಲ್ಲಾಡಿಸಬೇಡಿ. ಆಯಿತೇ ಎಂದು ಮುಚ್ಚಳ ತೆಗೆದು ಚಮಚ ಹಾಕಿ ನೋಡುವುದೇ ಮೊಸರಿಗೆ ಶತ್ರು. ಹೆಪ್ಪಾದ ಕೂಡಲೇ ತಿನ್ನದೆ ಮೂರು ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ, ಗಡ್ಡೆ ಕಟ್ಟುತ್ತದೆ.

ಎಳೆ ಎಳೆಯಾಗಿ ಲೋಳೆ ಬಂದರೆ ಎರಡು ಕಾರಣ. ಬಿಸಿ ಸಾಲದೆ ನಿಧಾನವಾಗಿ ಹೆಪ್ಪಾಗಿದೆ, ಇಲ್ಲವೇ ಹೆಪ್ಪಿನ ಜಾತಿಯೇ ಅಂಥದ್ದು. ಮುಂದಿನ ಸಲ ಬಿಸಿ ಹೆಚ್ಚಿಸಿ ನೋಡಿ. ಆಗಲೂ ಲೋಳೆ ಬಂದರೆ ಬೇರೆ ಡಬ್ಬದ ಹೆಪ್ಪು ತನ್ನಿ. ಗುಲಾಬಿ, ಕೇಸರಿ ಬಣ್ಣದ ಗೆರೆ ಅಥವಾ ಬೂಷ್ಟು ಕಂಡರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದು ತಿನ್ನೋಣ ಎಂದುಕೊಳ್ಳಬೇಡಿ, ಪೂರ್ತಿ ಚೆಲ್ಲಿ.

ಇಷ್ಟೆಲ್ಲ ಮಾಡಿದ ಮೇಲೂ "ಅಮ್ಮಾ, ಗಟ್ಟಿಯಾಗಿದೆ, ಆದರೆ ನಮ್ಮ ಮನೆ ಮೊಸರಿನ ರುಚಿ ಇಲ್ಲ" ಎನ್ನುತ್ತಿದ್ದಳು ನನ್ನ ಮಗಳು. ಅವಳು ಹೇಳಿದ್ದು ನಿಜ. ಅಂಗಡಿಯ ಯೋಗರ್ಟ್‌ನಲ್ಲಿ ಮುಖ್ಯವಾಗಿ ಎರಡು ಜೀವಿಗಳು, ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್ ಮತ್ತು ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್. ಎರಡೂ ಹೆಚ್ಚು ಬಿಸಿ ಬಯಸುವಂಥವು. ನಮ್ಮ ಮನೆ ಹೆಪ್ಪಿನಲ್ಲಿ 25, 30 ಡಿಗ್ರಿಯಲ್ಲಿ ಬೆಳೆಯುವ ಲ್ಯಾಕ್ಟೊಕಾಕಸ್ ಬಳಗದವೂ ಇರುತ್ತವೆ. ಆ ಬೆಣ್ಣೆಯ ಪರಿಮಳ, ಮೆದು ಹುಳಿ ಅಂಥವುಗಳಿಂದ ಬರುವುದು. ಈ ಬಳಗ ಅಲ್ಲಿಯೂ ಸಿಗುತ್ತದೆ, ಅಂಗಡಿಯ ಕಲ್ಚರ್ಡ್ ಬಟರ್‌ಮಿಲ್ಕ್ ಡಬ್ಬದಲ್ಲಿ. ಉಪ್ಪು, ಸಕ್ಕರೆ ಇಲ್ಲದ್ದನ್ನು ತನ್ನಿ. ಒಂದು ಚಮಚ ಅದು, ಒಂದು ಚಮಚ ಮೊಸರು ಸೇರಿಸಿ, ಈ ಸಲ ಹಾಲನ್ನು ನಿಜವಾಗಿ ಉಗುರು ಬೆಚ್ಚಗೆ ಮಾಡಿ ಹೆಪ್ಪು ಹಾಕಿ. ಸುಮಾರು 30 ಡಿಗ್ರಿಯಲ್ಲಿ ಹತ್ತು ಹನ್ನೆರಡು ಗಂಟೆ ಇಡಿ. ಅಲ್ಲಿನ ಬೇಸಿಗೆಯಲ್ಲಿ ಇದು ಅಡುಗೆಮನೆ ಕಟ್ಟೆಯ ಮೇಲೇ ಆಗುತ್ತದೆ. ಸ್ವಲ್ಪ ಸಡಿಲ ಇರಬಹುದು, ಮೊಸರನ್ನಕ್ಕೆ ಮಾತ್ರ ಇದರಷ್ಟು ಹೊಂದುವುದು ಬೇರೆ ಇಲ್ಲ.

ಹೆಪ್ಪೇ ಸಿಗದ ಊರಿನಲ್ಲಿ ಮೆಣಸಿನಕಾಯಿ ತೊಟ್ಟು ಇದೆಯಲ್ಲ. ಮಂಡ್ಯ ಕಡೆ ನಮ್ಮ ಅತ್ತೆಯವರು ಹೀಗೇ ಮಾಡುತ್ತಿದ್ದರು. ಒಂದು ಲೋಟ ಬೆಚ್ಚಗಿನ ಹಾಲಿಗೆ ತೊಳೆದ ಎಂಟು ಹತ್ತು ಹಸಿಮೆಣಸಿನಕಾಯಿ ತೊಟ್ಟು ಮುಳುಗಿಸಿ, ಬೆಚ್ಚಗಿನ ಜಾಗದಲ್ಲಿ ಹನ್ನೆರಡು ಗಂಟೆ ಬಿಡಿ. ತೊಟ್ಟಿಗೆ ಅಂಟಿರುವ ಜೀವಿಗಳೇ ಹಾಲನ್ನು ಹುಳಿ ಮಾಡುತ್ತವೆ. ಮೊದಲ ಸಲದ್ದು ತಿನ್ನುವುದಕ್ಕಲ್ಲ, ಸಡಿಲವಾಗಿರುತ್ತದೆ. ವಾಸನೆ ಕೆಟ್ಟಿದ್ದರೆ ಚೆಲ್ಲಿ. ಚೆನ್ನಾಗಿದ್ದರೆ ತೊಟ್ಟು ತೆಗೆದು, ಅದರಿಂದ ಒಂದು ಚಮಚ ಹೊಸ ಹಾಲಿಗೆ ಹಾಕಿ. ಎರಡು ಮೂರು ಸಲ ತಿರುಗಿದ ಮೇಲೆ ಒಳ್ಳೆಯ ಮೊಸರು ಬರುತ್ತದೆ. ನಿಂಬೆರಸ ಹಿಂಡುವ ಕೆಲಸ ಬೇಡ, ಅದು ಹಾಲನ್ನು ಒಡೆಯುತ್ತದೆ, ಮೊಸರು ಮಾಡುವುದಿಲ್ಲ.

ಒಳ್ಳೆಯ ಹೆಪ್ಪು ಸಿಕ್ಕಿತೆಂದರೆ ಕಾಪಾಡಿಕೊಳ್ಳಿ. ಹೊಸ ಮೊಸರಿನ ಮೊದಲ ಎರಡು ಚಮಚ ಬೇರೆ ಬಟ್ಟಲಿಗೆ ತೆಗೆದಿಟ್ಟು, ಆಮೇಲೆ ಊಟಕ್ಕೆ ಬಡಿಸಿ. ವಾರಕ್ಕೊಮ್ಮೆಯಾದರೂ ಹೆಪ್ಪು ಹಾಕುತ್ತಿರಬೇಕು, ಇಲ್ಲದಿದ್ದರೆ ಸೋಲುತ್ತದೆ. ಊರಿಗೆ ಬರುವಾಗ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟು ಬನ್ನಿ, ಒಂದೆರಡು ತಿಂಗಳು ತಡೆಯುತ್ತದೆ. ಅದಕ್ಕಿಂತ ಭದ್ರ ಇನ್ನೊಂದು ಮನೆ. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾಲು ಮೊಸರು ಹೊರಗೆ ಕೊಡುವುದಿಲ್ಲ ಎನ್ನುತ್ತಾರೆ. ಅಲ್ಲಿ ದಯವಿಟ್ಟು ಅದನ್ನು ನೋಡಬೇಡಿ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಊರು, ಕೆಲಸದಿಂದ ಬರುವುದೇ ಏಳಕ್ಕೆ. ಕೇಳಿದವರಿಗೆ ಕೊಡಿ. ನಿಮ್ಮ ಹೆಪ್ಪು ಕೆಟ್ಟ ದಿನ ಅವರ ಮನೆಯಲ್ಲಿ ನಿಮ್ಮದೇ ಹೆಪ್ಪು ಇರುತ್ತದೆ.

ಬೆಣ್ಣೆ ತೆಗೆಯುವ ಆಸೆ ಇದ್ದವರಿಗೆ ಒಂದು ಮಾತು. ಒಡೆದು ಬೆರೆಸಿದ ಆ ಹಾಲಿನ ಮೊಸರನ್ನು ಎಷ್ಟು ಕಡೆದರೂ ಬೆಣ್ಣೆ ಬರುವುದಿಲ್ಲ, ಕೈ ನೋವಷ್ಟೇ. ವಿಪ್ಪಿಂಗ್ ಕ್ರೀಮ್ ತಂದು, ಸ್ವಲ್ಪ ಬೆಚ್ಚಗೆ ಮಾಡಿ, ಅದಕ್ಕೆ ಹೆಪ್ಪು ಹಾಕಿ. ಮಾರನೆಯ ದಿನ ತಣ್ಣಗೆ ಮಾಡಿ ಮಿಕ್ಸಿಯಲ್ಲಿ ತಣ್ಣೀರು ಹಾಕಿ ತಿರುಗಿಸಿದರೆ ಬೆಣ್ಣೆ ತೇಲುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು ಸಣ್ಣ ಉರಿಯಲ್ಲಿ ಕಾಯಿಸಿ. ಇಳಿಸುವ ಹೊತ್ತಿಗೆ ಒಂದು ವೀಳ್ಯದೆಲೆ ಹಾಕಿ. ಅದು ಸಿಗದಿದ್ದರೆ ನಾಲ್ಕು ಕಾಳು ಮೆಂತ್ಯ ಸಾಕು.