ಗಬ್ಬು ನಾತದ ಡಬ್ಬ: ಅಡುಗೆಮನೆಯಲ್ಲೇ ಮಾಡುವುದು ಹೇಗೆ

ಒಂದು ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಸತ್ತ ಇಲಿಯ ನಾತ ಹಬ್ಬಿತು. ಅಟ್ಟ ಹುಡುಕಿದೆವು, ಮಂಚದ ಅಡಿ ಹುಡುಕಿದೆವು, ಅಕ್ಕಿ ಚೀಲ ಸರಿಸಿ ನೋಡಿದೆವು. ಕೊನೆಗೆ ಅಜ್ಜಿ ಹಿತ್ತಿಲಿಗೆ ಕರೆದುಕೊಂಡು ಹೋಗಿ ನೆಲದಿಂದ ಎದ್ದಿದ್ದ ಒಂದು ಕೆಂಪು-ಕಂದು ಹೂವು ತೋರಿಸಿದರು. ಸುವರ್ಣಗಡ್ಡೆ ಹೂ ಬಿಟ್ಟಿತ್ತು. ಕೊಳೆತ ಮಾಂಸ ಇರಬೇಕು ಅಂದುಕೊಂಡು ದುಂಬಿ, ನೊಣಗಳು ಬರಲಿ, ಪರಾಗ ಹೊತ್ತುಕೊಂಡು ಹೋಗಲಿ ಅಂತ ಆ ಹೂವು ಬಿಡುವ ನಾತ ಅದು. ನಾವೂ ನೊಣದ ಹಾಗೆಯೇ ನಂಬಿದ್ದೆವು.

ಅವತ್ತಿನಿಂದ ನನಗೆ ನಾತದ ಮೇಲೆ ಒಂದು ಥರದ ಪ್ರೀತಿ. ಆದ್ದರಿಂದ ಕೋಣೆಯಲ್ಲಿ ಗಬ್ಬು ನಾತದ ಡಬ್ಬ ಇಟ್ಟು ಎಲ್ಲರ ಮೂಗು ಮುಚ್ಚಿಸುವ ಕೀಟಲೆಯನ್ನು ಚೆನ್ನಾಗಿ ಮಾಡುವುದು ಹೇಗೆ ಅಂತ ಹೇಳಬೇಕು ಅನ್ನಿಸುತ್ತದೆ. ಚೆನ್ನಾಗಿ ಅಂದರೆ, ಕಿಟಕಿ ತೆರೆದು ಹತ್ತು ನಿಮಿಷ ಬಿಟ್ಟರೆ ಹೋಗಿಬಿಡುವ ಹಾಗೆ.

ಮೊದಲು ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ. ಸ್ಟಿಂಕ್ ಬಾಂಬ್ ಅಂತ ಮಾರುವ ಪುಟ್ಟ ಗಾಜಿನ ಕೊಳವೆಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಸಲ್ಫೈಡ್ ದ್ರಾವಣ. ಒಡೆದ ಕೂಡಲೇ ಅದರಿಂದ ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ಹೊರಗೆ ಬರುತ್ತವೆ. ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಇದನ್ನು ತಂದು ನೆಲಕ್ಕೆ ಒಡೆದ, ಇನ್ನೊಬ್ಬ ಬರಿಗಾಲಲ್ಲಿ ಓಡಿ ಬಂದು ಗಾಜು ಚುಚ್ಚಿಸಿಕೊಂಡ, ಹಾಸಿಗೆಗೆ ಬಿದ್ದ ಹನಿಗಳ ನಾತ ವಾರಗಟ್ಟಲೆ ಹೋಗಲಿಲ್ಲ. ಇದೇ ದ್ರವವನ್ನು ಮನೆಯಲ್ಲಿ ಮಾಡುವ ವಿಡಿಯೋಗಳೂ ಓಡಾಡುತ್ತಿರುತ್ತವೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ಯಾಕೆ ಅಂದರೆ ಹೈಡ್ರೋಜನ್ ಸಲ್ಫೈಡ್ ನಮ್ಮ ಮೂಗಿಗೆ ಮೋಸ ಮಾಡುವ ಅನಿಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಎಷ್ಟೋ ಕಡಿಮೆ ಇದ್ದರೂ ಕೊಳೆತ ಮೊಟ್ಟೆಯ ವಾಸನೆ ಗೊತ್ತಾಗುತ್ತದೆ. ಆದರೆ ಅದು ಸುಮಾರು 100 ಭಾಗಕ್ಕೆ ಏರಿದರೆ ವಾಸನೆ ಹಿಡಿಯುವ ನರವೇ ಮಂಕಾಗಿಬಿಡುತ್ತದೆ. ಏನೂ ಇಲ್ಲ, ಹೋಯ್ತು ಅನ್ನಿಸುತ್ತದೆ. ಅನಿಲ ಮಾತ್ರ ಅಲ್ಲೇ ಇರುತ್ತದೆ, ಇನ್ನೂ ಏರಿದರೆ ಜೀವವನ್ನೇ ತೆಗೆಯುತ್ತದೆ. ಮ್ಯಾನ್‌ಹೋಲಿಗೆ ಇಳಿದವರು ಸತ್ತ ಸುದ್ದಿಗಳ ಹಿಂದೆ ಎಷ್ಟೋ ಸಲ ಇರುವುದು ಇದೇ ಅನಿಲ. ಸುರಕ್ಷತೆಯ ಸಲಕರಣೆ ಕೊಡದೆ ಮನುಷ್ಯರನ್ನು ಹಾಗೆ ಇಳಿಸಿ ಸ್ವಚ್ಛ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ, ಆದರೂ ಸಾವು ನಿಂತಿಲ್ಲ. ಇಂಥ ಅನಿಲವನ್ನು ಬಾಟಲಿಯಲ್ಲಿ ತಯಾರಿಸಿ ಆಟ ಆಡುವುದು ಬೇಡ.

ಇನ್ನೊಂದು, ಅಡುಗೆ ಗ್ಯಾಸಿನ ವಾಸನೆ ಬರುವಂಥದ್ದನ್ನು ಯಾವತ್ತೂ ಮಾಡಬೇಡಿ. ಎಲ್‌ಪಿಜಿಗೆ ತನ್ನದೇ ಆದ ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಗಂಧಕದ ವಸ್ತುವನ್ನು ಚೂರು ಬೆರೆಸುತ್ತಾರೆ. ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ 1937ರ ಮಾರ್ಚ್ 18ರಂದು ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ, ಯಾರಿಗೂ ಗೊತ್ತಾಗದೆ ಸ್ಫೋಟವಾಗಿ, ಮುನ್ನೂರರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಅನಿಲಕ್ಕೆ ವಾಸನೆ ಸೇರಿಸಲೇಬೇಕು ಅನ್ನುವ ನಿಯಮ ಅಲ್ಲಿ ಬಂತು. ಆ ವಾಸನೆ ಬಂದರೆ ಮನೆಯವರು ರೆಗ್ಯುಲೇಟರ್ ಬಂದ್ ಮಾಡಬೇಕು, ಕಿಟಕಿ ತೆರೆಯಬೇಕು, ಸ್ವಿಚ್ ಮುಟ್ಟದೆ ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ಕೀಟಲೆಯಿಂದಾಗಿ "ಅಯ್ಯೋ, ಇವರದ್ದೇ ಆಟ ಇರಬೇಕು ಬಿಡು" ಅಂತ ಅವರು ಸುಮ್ನೆ ಕೂರುವ ಹಾಗೆ ಆಗಬಾರದು ಅಲ್ವಾ?

ಸರಿ, ಈಗ ಡಬ್ಬ ಮಾಡೋಣ. ಬೇಕಾದ್ದು ಎರಡು ಮೊಟ್ಟೆ, ಒಂದು ಮೂಲಂಗಿ, ಚೂರು ಗಟ್ಟಿ ಇಂಗು, ಮುಚ್ಚಳ ಇರುವ ಸಣ್ಣ ಸ್ಟೀಲ್ ಡಬ್ಬ, ತೆಳು ಬಟ್ಟೆಯ ತುಂಡು. ಪ್ಲಾಸ್ಟಿಕ್ ಡಬ್ಬ ಬೇಡ, ಅದು ಈ ವಾಸನೆಯನ್ನು ಹೀರಿಕೊಂಡು ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ.

ಮೊಟ್ಟೆ ಹೊಸದಾಗಿರದೆ ಒಂದು ವಾರ ಹಳೆಯದಾಗಿದ್ದರೆ ಒಳ್ಳೆಯದು. ಹಳೆಯದಾದಷ್ಟೂ ಬಿಳಿಭಾಗ ಹೆಚ್ಚು ಕ್ಷಾರವಾಗುತ್ತದೆ, ಬೇಯಿಸಿದಾಗ ಗಂಧಕ ಸುಲಭವಾಗಿ ಬಿಡುಗಡೆಯಾಗುತ್ತದೆ. ಇಪ್ಪತ್ತೈದು ನಿಮಿಷ ಚೆನ್ನಾಗಿ ಕುದಿಸಿ. ಬಿಳಿಭಾಗದ ಪ್ರೋಟೀನಿನಲ್ಲಿರುವ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಗೆ ಬರುತ್ತದೆ, ಆದರೆ ಮೂಗು ಮುಚ್ಚಿಸುವಷ್ಟು ಮಾತ್ರ, ಅಪಾಯದ ಹತ್ತಿರಕ್ಕೂ ಹೋಗುವುದಿಲ್ಲ. ಜಾಸ್ತಿ ಬೆಂದ ಮೊಟ್ಟೆಯ ಹಳದಿಯ ಸುತ್ತ ಹಸಿರು-ಬೂದು ಉಂಗುರ ನೋಡಿರುತ್ತೀರಿ. ಇದೇ ಗಂಧಕ ಹಳದಿಯ ಕಬ್ಬಿಣದ ಜೊತೆ ಕೂಡಿಕೊಂಡಾಗ ಆಗುವ ಬಣ್ಣ ಅದು. ತಣ್ಣೀರಿಗೆ ಹಾಕದೆ, ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಸುಲಿದು ಕಿವುಚಿ. ಮೊಟ್ಟೆ ತರದ ಮನೆಯಾದರೆ ಎಲೆಕೋಸನ್ನು ಮುಚ್ಚಿ ಅರ್ಧ ಗಂಟೆ ಬೇಯಿಸಿ, ಎಲೆಕೋಸು ಬೆಂದಷ್ಟೂ ಗಬ್ಬು.

ಅಷ್ಟರಲ್ಲಿ ಮೂಲಂಗಿ ತುರಿದು ಮುಚ್ಚಿಡಿ. ಇಡೀ ಮೂಲಂಗಿಗೆ ಅಷ್ಟೇನೂ ವಾಸನೆ ಇಲ್ಲ, ತುರಿದ ಮೇಲೆಯೇ ಅದರ ಆಟ. ಜೀವಕೋಶ ಒಡೆದಾಗ ಬೇರೆ ಬೇರೆ ಕಡೆ ಇದ್ದ ಕಿಣ್ವವೂ ಗಂಧಕದ ವಸ್ತುವೂ ಸೇರಿಕೊಳ್ಳುತ್ತವೆ. ಮೊದಲು ಮೂಗಿಗೆ ಏರುವ ಖಾರ ಹುಟ್ಟುತ್ತದೆ, ಆಮೇಲೆ ಅದು ನಿಧಾನವಾಗಿ ಕೆಟ್ಟು ಮೀಥೇನ್ ಥಯಾಲ್‌ನಂಥ ನಾತದ ಅಣುಗಳಾಗುತ್ತವೆ. ಟಿಫಿನ್ ಡಬ್ಬಿಯಲ್ಲಿ ಮೂಲಂಗಿ ಪರೋಟ ಒಯ್ದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತೆ ಅನ್ನುತ್ತಾರೆ. ಆ ಇಂಗು ಎಣ್ಣೆಗೆ ಬೀಳುವ ಮೊದಲು ಹೇಗಿರುತ್ತದೆ ಅಂತ ಮೂಸಿ ನೋಡಿ. ಅದೂ ಗಂಧಕವೇ, ವಾಸನೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿಯ ನೆಂಟ. ಜರ್ಮನ್ನರು ಇದಕ್ಕೆ ಇಟ್ಟ ಹೆಸರಿನ ಅರ್ಥ ದೆವ್ವದ ಹೇಲು. ಕಾದ ಎಣ್ಣೆಯಲ್ಲಿ ಅದರ ಒರಟು ವಾಸನೆ ಇಳಿದು ಸಾರಿನ ಘಮ ಆಗುತ್ತದೆ. ನಮಗೆ ಬೇಕಾದ್ದು ಒರಟು, ಹಾಗಾಗಿ ಹಸಿಯಾಗಿಯೇ ಕುಟ್ಟಿ ಹಾಕಿ. ಪುಡಿ ಇಂಗಿನಲ್ಲಿ ಹಿಟ್ಟು, ಅಂಟು ಬೆರೆತಿರುತ್ತದೆ, ಅದಕ್ಕೆ ಗಟ್ಟಿ ಇಂಗೇ ಸರಿ.

ಮೂರನ್ನೂ ಸೇರಿಸಿ ಎರಡು ಚಮಚದಷ್ಟನ್ನು ಬಟ್ಟೆಯಲ್ಲಿ ಕಟ್ಟಿ, ಡಬ್ಬಕ್ಕೆ ಹಾಕಿ ಮುಚ್ಚಿ. ಅರ್ಧ ಗಂಟೆ ಬಿಸಿಲಲ್ಲಿಡಿ, ಸಾಕು. ದಿನಗಟ್ಟಲೆ ಮುಚ್ಚಿಟ್ಟು ಕೊಳೆಸಬೇಡಿ, ಒಳಗೆ ಅನಿಲ ತುಂಬಿ ಮುಚ್ಚಳ ಸಿಡಿಯಬಹುದು, ರೋಗಾಣುಗಳೂ ಬೆಳೆಯುತ್ತವೆ. ಬಿಸಿ ಆದಷ್ಟೂ ಅಣುಗಳು ಬೇಗ ಗಾಳಿಗೆ ಏರುತ್ತವೆ, ಹಾಗಾಗಿ ತಣ್ಣಗಿನ ಕೋಣೆಯಲ್ಲಿ ಈ ಡಬ್ಬ ಅಷ್ಟು ಕೆಲಸ ಮಾಡುವುದಿಲ್ಲ.

ಎಲ್ಲಿ ಇಡಬೇಕು ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ. ಕಿಟಕಿ ಇರುವ ಕೋಣೆಯಲ್ಲಿ, ಪರದೆಯ ಹಿಂದೆ, ಮುಚ್ಚಳ ತೆಗೆದು ಇಡಿ. ಮತ್ತು ನೀವೂ ಅದೇ ಕೋಣೆಯಲ್ಲಿ ಕೂತಿರಿ. ಲಿಫ್ಟ್, ಬಸ್ಸು, ಪರೀಕ್ಷೆಯ ಹಾಲ್, ಆಸ್ಪತ್ರೆ ಬೇಡ. ಉಬ್ಬಸ ಇರುವವರು, ಬಸುರಿಯರು, ಮೈಗ್ರೇನ್ ಇರುವವರು ಇದ್ದರೆ ಬೇಡ. ಒಬ್ಬರ ಬ್ಯಾಗಿನಲ್ಲಿ, ಒಬ್ಬರ ಟಿಫಿನ್ ಡಬ್ಬಿಯಲ್ಲಿ ಯಾವತ್ತೂ ಬೇಡ. ಒಣಮೀನು ಹುರಿದರು ಅಂತ ಬಾಡಿಗೆ ಮನೆ ಬಿಡಿಸುವುದು, ಊಟದ ವಾಸನೆ ಹಿಡಿದು ಮಕ್ಕಳನ್ನು ಆಡಿಕೊಳ್ಳುವುದು ನಮ್ಮಲ್ಲಿ ನಡೆಯುತ್ತದೆ. ಒಬ್ಬರ ಮೇಲೆ ಕಟ್ಟಿದ ವಾಸನೆ ಕೀಟಲೆಯಲ್ಲ, ಅವಮಾನ. ಕೋಣೆಗೆಲ್ಲ ಸೇರಿದ ವಾಸನೆಯಾದರೆ ಎಲ್ಲರೂ ಒಟ್ಟಿಗೆ ಮೂಗು ಮುಚ್ಚಿಕೊಂಡು ನಗುತ್ತಾರೆ.

ಐದು ನಿಮಿಷ ಆದ ಮೇಲೆ ಡಬ್ಬ ಹೊರಗೆ ತೆಗೆಯಿರಿ. ಜಾಸ್ತಿ ಹೊತ್ತು ಇಟ್ಟರೂ ಉಪಯೋಗ ಇಲ್ಲ, ಒಳಗೆ ಕೂತವರ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಆಗ ಹೊಸದಾಗಿ ಒಳಗೆ ಬಂದವರ ಮುಖ ನೋಡಬೇಕು!

ಮಿಶ್ರಣವನ್ನು ಬಟ್ಟೆಯಿಂದ ಬಿಡಿಸಿ ಗಿಡದ ಬುಡದಲ್ಲಿ ಹೂತುಬಿಡಿ. ಡಬ್ಬವನ್ನು ಸೋಪು, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಕವುಚಿ ಇಡಿ. ಫ್ಯಾನ್ ಹಾಕಿ, ಎದುರುಬದುರು ಕಿಟಕಿ ತೆರೆಯಿರಿ. ಅಡುಗೆ ಸೋಡಾ ಬಟ್ಟಲಲ್ಲಿಟ್ಟರೆ ಹೋಗುತ್ತದೆ ಅಂತ ಹೇಳುತ್ತಾರೆ, ಅದು ಕಮಟು ಬೆಣ್ಣೆಯಂಥ ಹುಳಿ ನಾತಕ್ಕೆ ಆದೀತು, ಗಂಧಕಕ್ಕೆ ಗಾಳಿಯೇ ಮದ್ದು.