ಮನೆಯಲ್ಲೇ ಬಿಟ್‌ಕಾಯಿನ್ ನೋಡ್ ಓಡಿಸಿದಾಗ ಸಿಕ್ಕ ಲೆಕ್ಕ

"ಯುಪಿಐನಷ್ಟು ವ್ಯವಹಾರ ಬ್ಲಾಕ್‌ಚೈನ್ ತಡೆಯುತ್ತಾ ಅಣ್ಣಾ?" ಅಂತ ತಮ್ಮ ಕೇಳಿದ. ಬ್ಲಾಕ್‌ಚೈನ್ ಅಂದರೆ ವ್ಯವಹಾರಗಳನ್ನು ಬ್ಲಾಕ್ ಅನ್ನೋ ಕಟ್ಟುಗಳಲ್ಲಿ ಒಂದರ ಹಿಂದೆ ಒಂದು ಜೋಡಿಸಿದ, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ. ಅದರ ಮೇಲೆ ನಡೆಯೋ ಬಿಟ್‌ಕಾಯಿನ್‌ನಲ್ಲಿ ಸೆಕೆಂಡಿಗೆ ಸುಮಾರು 7 ವ್ಯವಹಾರ ಅಂತ ಓದಿದ್ದೆ. ಬರೀ 7 ಯಾಕೆ ಅನ್ನೋದು ಗೊತ್ತಿರಲಿಲ್ಲ. ಓಡಿಸಿಯೇ ನೋಡೋಣ ಅಂದುಕೊಂಡು 2024ರ ಕೊನೆಗೆ ಮನೆಯಲ್ಲಿ ಒಂದು ಫುಲ್ ನೋಡ್ ಹಾಕಿದೆ, ಅಂದರೆ ಎಲ್ಲ ಬ್ಲಾಕ್‌ಗಳನ್ನೂ ಇಳಿಸಿಕೊಂಡು ತಾನೇ ಪರೀಕ್ಷೆ ಮಾಡೋ ಕಂಪ್ಯೂಟರ್.

ಒಂದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಮನೆಯಲ್ಲಿದ್ದ ಹಳೇ 1 ಟಿಬಿ ಹಾರ್ಡ್ ಡಿಸ್ಕ್. 2009ರ ಮೊದಲ ಬ್ಲಾಕ್‌ನಿಂದ ಸಿಂಕ್ ಶುರುವಾಯಿತು. ಆಗಿನ ಬ್ಲಾಕ್‌ಗಳು ಹೆಚ್ಚುಕಮ್ಮಿ ಖಾಲಿ, ಸರಸರ ಬಂದವು. 2017ರ ಹತ್ತಿರ ಬಂದಾಗ ಡಿಸ್ಕ್ ಕಟಕಟ ಅನ್ನತೊಡಗಿತು, ಸಿಂಕ್ ತೆವಳಿತು. ನೆಟ್ ನಿಧಾನ ಇರಬೇಕು ಅಂತ ರೂಟರ್ ಬದಲಿಸಿದೆ. ತೊಂದರೆ ಅಲ್ಲಿರಲಿಲ್ಲ. ಪ್ರತಿ ವ್ಯವಹಾರಕ್ಕೂ "ಈ ಹಣ ಮೊದಲೇ ಖರ್ಚಾಗಿಲ್ಲ ತಾನೆ?" ಅಂತ ನೋಡ್ ಡಿಸ್ಕ್‌ನಲ್ಲಿ ಎಲ್ಲೆಲ್ಲೋ ಹುಡುಕಬೇಕು. ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿದ ಮೇಲೂ ಮುಗಿಯೋಕೆ ದಿನಗಳೇ ಹಿಡಿದವು. ಒಟ್ಟು 600 ಜಿಬಿ ದಾಟಿತ್ತು.

ಒಂದೊಂದು ಬ್ಲಾಕ್‌ನ ಗಾತ್ರಕ್ಕೂ ಮಿತಿ ಇದೆ, ಅದಕ್ಕೇ ಬರೀ 7. ಬ್ಲಾಕ್ ದೊಡ್ಡದು ಮಾಡಿದರಾಯ್ತು ಅಲ್ವಾ? ಲೆಕ್ಕ ಹಾಕಿದೆ. 2023ರ ಆಗಸ್ಟ್‌ನಲ್ಲಿ ಯುಪಿಐ ತಿಂಗಳಿಗೆ 1000 ಕೋಟಿ ವ್ಯವಹಾರ ದಾಟಿತು. ಅಂದರೆ ಸರಾಸರಿ ಸೆಕೆಂಡಿಗೆ ಸುಮಾರು 4000. ಒಂದಕ್ಕೆ 250 ಬೈಟ್ ಹಿಡಿದರೂ ದಿನಕ್ಕೆ 86 ಜಿಬಿ. ನನ್ನ 1 ಟಿಬಿ ಡಿಸ್ಕ್ 12 ದಿನದೊಳಗೆ ತುಂಬುತ್ತೆ! ಆಮೇಲೆ ದೊಡ್ಡ ಡೇಟಾ ಸೆಂಟರ್ ಇದ್ದವರು ಮಾತ್ರ ಪರೀಕ್ಷೆ ಮಾಡಬಲ್ಲರು. ಯಾರನ್ನೂ ನಂಬದೆ ನಾನೇ ನೋಡಿಕೊಳ್ಳಬಹುದು ಅನ್ನೋದೇ ಹೋದರೆ ಬ್ಲಾಕ್‌ಚೈನ್ ಯಾಕೆ ಬೇಕು?

ಆಮೇಲೆ ಲೈಟ್ನಿಂಗ್ ಹಾಕಿದೆ. ಇದು ಬಿಟ್‌ಕಾಯಿನ್ ಮೇಲಿನ ಇನ್ನೊಂದು ಪದರ, ಪ್ರತಿ ಪಾವತಿಯನ್ನೂ ಚೈನ್‌ನಲ್ಲಿ ಬರೆಯದೆ ಮಾಡಬಹುದು. ನನ್ನ ಮತ್ತು ತಮ್ಮನ ನೋಡ್ ನಡುವೆ ಒಂದು ಚಾನೆಲ್, ಅಂದರೆ ಮೊದಲೇ ಹಣ ಇಟ್ಟು ತೆರೆಯೋ ಪಾವತಿ ದಾರಿ. ಮೊದಲು ಅವನಿಂದ ನನಗೆ ದುಡ್ಡು ಬರಲೇ ಇಲ್ಲ. ಚಾನೆಲ್‌ನ ಹಣವೆಲ್ಲ ನನ್ನ ಕಡೆಯೇ ಇತ್ತು, ಅವನ ಕಡೆ ಏನೂ ಇರಲಿಲ್ಲ. ನಾನು ಸ್ವಲ್ಪ ಕಳಿಸಿದ ಮೇಲೆ ಎರಡೂ ಕಡೆ ಓಡಾಡಿತು. ಸ್ಕ್ರಿಪ್ಟ್ ಬರೆದು 500 ಪಾವತಿ ಮಾಡಿದೆವು. ಚೈನ್ ಮೇಲೆ ಬಿದ್ದದ್ದು ಎರಡೇ, ತೆರೆದದ್ದು ಮತ್ತು ಮುಚ್ಚಿದ್ದು.

ನಿಜಕ್ಕೂ ಖುಷಿಯಾಯಿತು. ಆದರೆ 140 ಕೋಟಿ ಜನಕ್ಕೆ ತಲಾ ಒಂದು ಚಾನೆಲ್ ತೆರೆಯೋಕೆ, ಸೆಕೆಂಡಿಗೆ 7ರಂತೆ, 6 ವರ್ಷಕ್ಕೂ ಜಾಸ್ತಿ ಬೇಕು. ತಮ್ಮನಿಗೆ ಇದನ್ನೇ ಹೇಳಿದೆ: ಪದರಗಳ ಮೇಲೆ ಆಗುತ್ತೆ, ಆದರೆ ಒಬ್ಬೊಬ್ಬರಿಗೂ ಚೈನ್ ಮೇಲೆ ಜಾಗ ಸಿಗೋಲ್ಲ.

ಈಗ ಎಥೀರಿಯಂ ಅನ್ನೋ ಇನ್ನೊಂದು ಬ್ಲಾಕ್‌ಚೈನ್ ಮೇಲಿನ ರೋಲಪ್ ಪದರಗಳನ್ನು ನೋಡುತ್ತಿದ್ದೇನೆ. ಸಾವಿರಾರು ಜನರ ವ್ಯವಹಾರವನ್ನು ಅಲ್ಲಿ ಒಟ್ಟಿಗೆ ಕಟ್ಟಿ ಹಾಕುತ್ತಾರೆ. 2024ರ ಮಾರ್ಚ್‌ನಿಂದ ಆ ಡೇಟಾಕ್ಕೆ ಬ್ಲಾಬ್ ಅನ್ನೋ ಬೇರೆ ಜಾಗ ಬಂದಿದೆ. ನೋಡ್‌ಗಳು ಅದನ್ನು ಸುಮಾರು 18 ದಿನ ಇಟ್ಟುಕೊಂಡರೆ ಸಾಕು, ಆಮೇಲೆ ಅಳಿಸಬಹುದು. ಯಾಕೆ ಅಳಿಸುತ್ತಾರೆ ಅಂತ ಯಾರೂ ನನಗೆ ವಿವರಿಸಬೇಕಾಗಲಿಲ್ಲ.