ನಮ್ಮ ರಕ್ತ ನಮಗೇ ಹಾಕ್ಲಾಕ ಇಷ್ಟು ರೊಕ್ಕ ಯಾಕ್ರಿ?

ಹೀಗೆ ಕೇಳಿದ್ದು ಆಳಂದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ. ಮೊಮ್ಮಗಳ ಕೆನ್ನೆ ತುಂಬ ಮೊಡವೆ ಬಿಟ್ಟುಹೋದ ಗುಂಡಿಗಳು. ಪಿಆರ್‌ಪಿ ಮಾಡೋಣ, ಅಂದ್ರೆ ಅವಳದೇ ರಕ್ತ ತೆಗೆದು, ಅದರಲ್ಲಿನ ರಿಪೇರಿ ಮಾಡೋ ಭಾಗವನ್ನು ಅವಳ ಮುಖಕ್ಕೇ ಹಾಕೋದು, ಒಂದು ಸಿಟ್ಟಿಂಗ್‌ಗೆ 4,000 ಆಗುತ್ತೆ ಅಂದೆ. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. ರಕ್ತ ಅವಳದು, ಮುಖ ಅವಳದು, ನಡುವೆ ನಿಂದೇನು ಅನ್ನೋ ಹಾಗೆ. ಏನೋ ಒಂದು ಹೇಳಿ ನಕ್ಕು ಕಳಿಸಬಹುದಿತ್ತು. ಆದರೆ ಆ ಪ್ರಶ್ನೆ ನನಗೆ ಸರಿಯಾಗೇ ತಾಗಿತು. ಯಾಕಂದ್ರೆ ಪಿಆರ್‌ಪಿ ಶುರು ಮಾಡಿದ ಮೊದಲ ಎಂಟು ತಿಂಗಳು ನಾನು ನಡುವೆ ಮಾಡ್ತಿದ್ದ ಕೆಲಸ ಆ ದುಡ್ಡಿಗೆ ತಕ್ಕದ್ದಾಗಿರಲಿಲ್ಲ, ಮತ್ತು ಅದು ನನಗೇ ಗೊತ್ತಿರಲಿಲ್ಲ.

ನಾನು ಕಲಬುರಗಿಯಲ್ಲಿ ಚರ್ಮದ ಡಾಕ್ಟರ್. ಸಣ್ಣ ಕ್ಲಿನಿಕ್, ಎರಡು ಕೋಣೆ, ಶಹಾಬಾದ್ ಕಲ್ಲಿನ ನೆಲ. ಬರೋರಲ್ಲಿ ಅರ್ಧ ಜನ ಹುಳಕಡ್ಡಿ, ಕಾಲು ಭಾಗ ಬಂಗು, ಉಳಿದದ್ದು ಮೊಡವೆ, ಕೂದಲು. ಲಗ್ನದ ಸೀಸನ್ ಬಂತು ಅಂದ್ರೆ ಮಾತ್ರ 'ಮೇಡಂ, ಆ ರಕ್ತದ್ದು ಮಾಡ್ತೀರೇನ್ರಿ' ಅಂತ ಫೋನ್ ಜಾಸ್ತಿ. 2013ರಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ರಕ್ತ ಹಚ್ಚಿದ ಮುಖದ ಫೋಟೋ ಹಾಕಿದ ಮೇಲೆ ಇದಕ್ಕೆ 'ವ್ಯಾಂಪೈರ್ ಫೇಶಿಯಲ್' ಅನ್ನೋ ಹೆಸರು ಅಂಟಿಕೊಂಡಿತು. ನಿಜ ನೋಡಿದರೆ ಇದು ಸೌಂದರ್ಯದವರು ಕಂಡುಹಿಡಿದದ್ದೇ ಅಲ್ಲ. 1980ರ ದಶಕದಲ್ಲೇ ಹೃದಯದ ಆಪರೇಷನ್‌ನಲ್ಲಿ ಬಳಸಿದ್ದರು, 1998ರ ಹೊತ್ತಿಗೆ ದವಡೆಯ ಮೂಳೆ ಕೂಡಿಸೋಕೆ ಬಳಸಿದರು. ಮುಖಕ್ಕೆ ಬಂದದ್ದು ಆಮೇಲೆ.

ವಿಷಯ ಇಷ್ಟೇ. ಗಾಯ ಆದಾಗ ರಕ್ತ ಕಟ್ಟೋಕೆ ಮೊದಲು ಓಡಿ ಬರೋದು ಪ್ಲೇಟ್‌ಲೆಟ್. ಡೆಂಗ್ಯೂ ಬಂದಾಗ ಮನೆಮಂದಿಯೆಲ್ಲ 'ಎಷ್ಟಾಯ್ತು, ಎಷ್ಟಾಯ್ತು' ಅಂತ ಕೇಳ್ತಾರಲ್ವಾ, ಅದೇ. ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ಚೀಲಗಳಿರುತ್ತವೆ, ಅವು ಒಡೆದಾಗ ಬರುವ ವಸ್ತುಗಳು ಸುತ್ತಲಿನ ಜೀವಕೋಶಗಳಿಗೆ 'ಹೊಸ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡೋ ಪ್ರೋಟೀನ್) ಕಟ್ಟಿ, ರಿಪೇರಿ ಶುರು ಮಾಡಿ' ಅಂತ ಹೇಳುತ್ತವೆ. ರಕ್ತದಲ್ಲಿ ಮಾಮೂಲಾಗಿ ಒಂದು ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಸೆಂಟ್ರಿಫ್ಯೂಜ್, ಅಂದ್ರೆ ಟ್ಯೂಬನ್ನು ಜೋರಾಗಿ ತಿರುಗಿಸಿ ರಕ್ತದ ಭಾಗಗಳನ್ನು ಬೇರೆ ಮಾಡೋ ಮಷೀನ್, ಅದರಲ್ಲಿ ತಿರುಗಿಸಿ ಅದನ್ನು ಹತ್ತು ಲಕ್ಷದ ಹತ್ತಿರ ತಂದು, ಬೇಕಾದ ಜಾಗಕ್ಕೆ ಸೂಜಿಯಿಂದ ಇಳಿಸಿದರೆ ಅದೇ ಪಿಆರ್‌ಪಿ.

ನಾನು ಟ್ರೈನಿಂಗ್‌ಗೆ ಹೋದ ಕಡೆ ಚೀಟಿ ಕೊಟ್ಟಿದ್ದರು: ಮೊದಲ ಸಲ 1500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಹತ್ತು ನಿಮಿಷ. ಊರಿಗೆ ಬಂದು ಬೇರೆ ಮಷೀನ್ ತಗೊಂಡೆ, ಸ್ವಲ್ಪ ದೊಡ್ಡದು. ಚೀಟಿಯನ್ನು ಗೋಡೆಗೆ ಅಂಟಿಸಿ ಹಾಗೇ ಮಾಡಿದೆ. ಟ್ಯೂಬ್ ಹೊರಗೆ ತೆಗೆದರೆ ನೋಡೋಕೆ ಎಷ್ಟು ಚೆನ್ನಾಗಿರ್ತಿತ್ತು ಅಂತೀರಿ. ಕೆಳಗೆ ಕೆಂಪು ಗಟ್ಟಿಯಾಗಿ ಕೂತಿದೆ, ಮೇಲೆ ಹೊಂಬಣ್ಣದ ತಿಳಿ, ಶುದ್ಧ ಎಳ್ಳೆಣ್ಣೆ ಥರ. ಪೇಷಂಟ್‌ಗೆ ತೋರಿಸಿದರೆ ಖುಷಿ, ಫೋಟೋ ಹೊಡ್ಕೊಳ್ಳೋರು. ಆದರೆ ಮೂರು ಸಿಟ್ಟಿಂಗ್ ಆದ ಮೇಲೂ ಮುಖದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಚರ್ಮದ ಗುಣವೇ ಹಾಗಿರಬೇಕು, ಬಿಸಿಲು ಜಾಸ್ತಿ, ಕ್ರೀಂ ಸರಿಯಾಗಿ ಹಚ್ಚಿರಲಿಕ್ಕಿಲ್ಲ, ಹೀಗೆ ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದ್ದೆ.

ಒಂದು ದಿನ ಸುಮ್ನೆ ಕುತೂಹಲಕ್ಕೆ ನನ್ನದೇ ರಕ್ತ 20 ಎಂಎಲ್ ತೆಗೆಸಿ ಪಿಆರ್‌ಪಿ ಮಾಡಿದೆ. ಅರ್ಧ ಎಂಎಲ್‌ನಷ್ಟು ತೆಗೆದು ಪಕ್ಕದ ಲ್ಯಾಬ್‌ಗೆ ಕೌಂಟ್‌ಗೆ ಕಳಿಸಿದೆ, ಜೊತೆಗೆ ಮಾಮೂಲು ರಕ್ತದ್ದೂ ಒಂದು. ರಕ್ತದಲ್ಲಿ 2.4 ಲಕ್ಷ. ನನ್ನ ಹೊಂಬಣ್ಣದ ತಿಳಿಯಲ್ಲಿ 2.9 ಲಕ್ಷ. ಮತ್ತೊಮ್ಮೆ ಮಾಡಿಸಿದೆ, ಅದೇ ಕಥೆ. ಎಂಟು ತಿಂಗಳು ಜನರ ಮುಖಕ್ಕೆ ನಾನು ಹಾಕಿದ್ದರಲ್ಲಿ ಪ್ಲೇಟ್‌ಲೆಟ್ ಮಾಮೂಲು ರಕ್ತದಲ್ಲಿ ಇರೋದಕ್ಕಿಂತ ಹೆಚ್ಚೇನೂ ಇರಲಿಲ್ಲ.

ತಪ್ಪು ಎಲ್ಲಿತ್ತು ಅಂದ್ರೆ, ಆರ್‌ಪಿಎಂ ಅನ್ನೋದು ಎಷ್ಟು ಸುತ್ತು ಅಂತ ಹೇಳುತ್ತೆ, ಎಷ್ಟು ಜೋರಾಗಿ ಒತ್ತುತ್ತೆ ಅಂತ ಹೇಳಲ್ಲ. ಜಾತ್ರೆಯಲ್ಲಿ ಗಿರಗಿರ ತಿರುಗೋ ಕುದುರೆ ಆಟದಲ್ಲಿ ನಡುವಿಗೆ ಹತ್ತಿರ ಕೂತವನಿಗೂ ಹೊರಗಿನ ತುದಿಯಲ್ಲಿ ಕೂತವನಿಗೂ ಆಗುವ ಎಳೆತ ಒಂದೇನಾ? ಆ ಎಳೆತದ ಲೆಕ್ಕ ಇರೋದು ಜಿ ಅನ್ನೋದರಲ್ಲಿ (ಭೂಮಿಯ ಸೆಳೆತದ ಎಷ್ಟು ಪಟ್ಟು ಅಂತ), ಅದಕ್ಕೆ ರೋಟರ್‌ನ ನಡುವಿನಿಂದ ಟ್ಯೂಬ್‌ನ ತಳದವರೆಗಿನ ಅಳತೆ ಬೇಕು. ಆ ಸೆಂಟಿಮೀಟರನ್ನು ಆರ್‌ಪಿಎಂನ ವರ್ಗದಿಂದ ಗುಣಿಸಿ, ಮತ್ತೆ 0.00001118ರಿಂದ ಗುಣಿಸಿದರೆ ಜಿ ಸಿಗುತ್ತೆ. ಟ್ರೈನಿಂಗ್‌ನವರ ಮಷೀನ್ 8 ಸೆಂಟಿಮೀಟರ್, 1500ಕ್ಕೆ 200 ಜಿ. ನನ್ನದು 16, ಅದೇ 1500ಕ್ಕೆ 400 ಜಿ. ನನ್ನ ಮಷೀನ್ ಎರಡು ಪಟ್ಟು ಜೋರಾಗಿ ಒತ್ತಿ ಬಹಳಷ್ಟು ಪ್ಲೇಟ್‌ಲೆಟ್‌ಗಳನ್ನೂ ಕೆಂಪು ಕಣಗಳ ಜೊತೆ ತಳಕ್ಕೆ ಕೂರಿಸಿಬಿಡ್ತಿತ್ತು. ನಾನು ಮೇಲಿನ ತಿಳಿಯನ್ನು ಮುತ್ತಿನ ಹಾಗೆ ಹೀರಿಕೊಂಡು, ಹೆಚ್ಚಿನ ಮಾಲನ್ನು ಕೆಂಪು ಡಬ್ಬಕ್ಕೆ ಎಸೀತಿದ್ದೆ. ಸ್ಕೇಲ್ ಹಿಡಿದು ಅಳತೆ ಮಾಡಿದ್ದರೆ ಐದು ನಿಮಿಷದ ಕೆಲಸ ಅದು.

ಈಗ ಮೊದಲ ಸುತ್ತು 1050ಕ್ಕೆ. ಮೇಲಿನ ತಿಳಿಯ ಜೊತೆ, ಕೆಂಪಿನ ಮೇಲೆ ಮೊಸರಿನ ಕೆನೆಯಷ್ಟು ತೆಳುವಾಗಿ ಕೂರುವ ಬಿಳಿ ಪದರದ ಅಂಚಿನ ತನಕ ಹೀರ್ತೀನಿ. ಅದನ್ನು ಬೇರೆ ಟ್ಯೂಬ್‌ಗೆ ಹಾಕಿ ಜೋರಾಗಿ ಎರಡನೇ ಸುತ್ತು, ಆಮೇಲೆ ಮೇಲಿನದನ್ನು ತೆಗೆದು ತಳದ 3 ಎಂಎಲ್ ಮಾತ್ರ ಇಟ್ಕೊಂಡು ಮೆಲ್ಲಗೆ ಅಲ್ಲಾಡಿಸೋದು. ನೋಡೋಕೆ ಅಷ್ಟು ಚೆಂದ ಇಲ್ಲ ಇದು. ಮಬ್ಬಾಗಿರುತ್ತೆ, ಒಮ್ಮೊಮ್ಮೆ ಸ್ವಲ್ಪ ಗುಲಾಬಿ ಛಾಯೆ. ಬೆಳಕಿಗೆ ಹಿಡಿದು ಅಲ್ಲಾಡಿಸಿದರೆ ಒಳಗೆ ಹೊಗೆ ಸುಳಿದ ಹಾಗೆ ಕಾಣುತ್ತೆ. ನನ್ನ ರಕ್ತದ ಕೌಂಟ್ ಹೀಗೆ ಮಾಡಿದಾಗ 9.5 ಲಕ್ಷ ಬಂತು. ಆ ಎಂಟು ತಿಂಗಳಲ್ಲಿ ಬಂದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹದಿನಾಲ್ಕು ಜನ. ಒಂಬತ್ತು ಜನ ಬಂದರು, ಫ್ರೀಯಾಗಿ ಮಾಡಿಕೊಟ್ಟೆ. ಒಬ್ಬರು ಫೋನಲ್ಲೇ ಚೆನ್ನಾಗಿ ಬೈದರು, ಬೈಯಲಿ ಬಿಡಿ.

ಟ್ಯೂಬ್ ವಿಷಯದಲ್ಲೂ ಜನ ಎಡವುತ್ತಾರೆ. ರಕ್ತ ಹೆಪ್ಪುಗಟ್ಟದಿರೋಕೆ ಸಿಟ್ರೇಟ್ ಇರೋ ಟ್ಯೂಬ್ ಬೇಕು. ನೇರಳೆ ಮುಚ್ಚಳದ್ದು ಎಲ್ಲ ಲ್ಯಾಬ್‌ನಲ್ಲೂ ರಾಶಿ ಬಿದ್ದಿರುತ್ತೆ, ಅಗ್ಗ ಕೂಡ. ಆದರೆ ಅದರೊಳಗಿನ ಇಡಿಟಿಎ ಅನ್ನೋ ರಾಸಾಯನಿಕ ಪ್ಲೇಟ್‌ಲೆಟ್‌ನ ಆಕಾರವನ್ನೇ ಕೆಡಿಸುತ್ತೆ. ಅದು ಎಣಿಸೋಕೆ ಸರಿ, ಮುಖಕ್ಕೆ ಹಾಕೋಕಲ್ಲ.

ಇನ್ನು ನಮ್ಮ ಊರಿನ ಬಿಸಿಲು. ಮೇ ತಿಂಗಳಲ್ಲಿ 43 ಡಿಗ್ರಿ. ಪ್ಲೇಟ್‌ಲೆಟ್‌ಗೆ ಬೇಕಾದ್ದು 20ರಿಂದ 24. ಬ್ಲಡ್ ಬ್ಯಾಂಕ್‌ನಲ್ಲೂ ಅಷ್ಟಕ್ಕೇ ಇಡ್ತಾರೆ. ನನ್ನ ಮಷೀನ್‌ಗೆ ಒಳಗೆ ತಂಪು ಮಾಡೋ ವ್ಯವಸ್ಥೆ ಇಲ್ಲ, ಹಾಗಾಗಿ ಆ ಕೋಣೆಗೆ ಎಸಿ ಹಾಕಿಸಿದ್ದೀನಿ. ಬೇಸಿಗೆಯಲ್ಲಿ ಬೆಳಗ್ಗೆ ಎಂಟಕ್ಕೇ ಕರೀತೀನಿ, ಮಧ್ಯಾಹ್ನ ಮಾಡಲ್ಲ. ಒಂದು ಸಲ ಎರಡನೇ ಸುತ್ತಿನ ನಡುವೆ ಕರೆಂಟ್ ಹೋಯ್ತು. ಮಷೀನ್ ಗುಂಯ್ ಅಂತ ತಾನಾಗೇ ನಿಧಾನ ಆಗಿ ನಿಂತಿತು, ಹೊರಗೆ ಪೇಷಂಟ್ ಮುಖ ತುಂಬ ಮರಗಟ್ಟಿಸೋ ಕ್ರೀಂ ಹಚ್ಕೊಂಡು ಕೂತಿದ್ದಾಳೆ. ಕರೆಂಟ್ ಬರೋಕೆ ಮುಕ್ಕಾಲು ಗಂಟೆ ಹಿಡೀತು. ಆ ರಕ್ತ ಎಸೆದು ಮತ್ತೆ ಕೈ ಚುಚ್ಚಿ ತೆಗೀಬೇಕಾಯ್ತು. ಆಕೆ ಏನೂ ಅನ್ನಲಿಲ್ಲ, ಜೊತೆಗೆ ಬಂದ ಗಂಡ ಮಾತ್ರ 'ಇನ್ನೊಂದು ಬಾಟ್ಲಿ ತಗೋತೀರೇನ್ರಿ' ಅಂದ. ಮರುದಿನವೇ ಸೆಂಟ್ರಿಫ್ಯೂಜ್‌ಗೆ ಅಂತಲೇ ಬೇರೆ ಯುಪಿಎಸ್ ತಂದೆ.

ಆದರೆ ನನಗೆ ನಿಜವಾಗಿ ಬೆವರಿಳಿಸಿದ್ದು ಬೇರೆ. ನಮ್ಮ ಕಡೆ ಶರಣಮ್ಮ, ಶರಣಬಸಪ್ಪ ಅಂದ್ರೆ ಓಣಿಗೆ ಹತ್ತು ಜನ ಓಡಿ ಬರ್ತಾರೆ. ಒಂದು ಶನಿವಾರ ಇಬ್ಬರು ಶರಣಮ್ಮಂದಿರು ಒಂದೇ ಹೊತ್ತಿಗೆ. ಸಿಸ್ಟರ್ ಟ್ಯೂಬ್ ಮೇಲೆ ಬರೀ 'ಶರಣಮ್ಮ' ಅಂತ ಬರೆದಿದ್ದಾಳೆ, ಎರಡರ ಮೇಲೂ. ಸಿರಿಂಜ್‌ಗೆ ತುಂಬಿ ಕೈಯಲ್ಲಿ ಹಿಡಿದವಳಿಗೆ ಯಾಕೋ ಅನುಮಾನ ಬಂತು. ಯಾವುದು ಯಾರದು? ಸಿಸ್ಟರ್ ಮುಖ ನೋಡಿದೆ, ಅವಳ ಮುಖ ಬೆಳ್ಳಗಾಗಿತ್ತು. ಎರಡನ್ನೂ ಎಸೆದೆ. ಇಬ್ಬರಿಗೂ ಇದ್ದದ್ದು ಇದ್ದ ಹಾಗೆ ಹೇಳಿ ಬೇರೆ ದಿನ ಬನ್ನಿ ಅಂದೆ. ಈಗ ಹೆಸರು, ಅಪ್ಪ ಅಥವಾ ಗಂಡನ ಹೆಸರು, ವಯಸ್ಸು, ಟೈಮ್ ಬರೆದ ಚೀಟಿಯನ್ನು ರಕ್ತ ತೆಗೆಯೋ ಮೊದಲೇ ಪೇಷಂಟ್ ಕೈಗೆ ಕೊಟ್ಟು ಅವರೇ ಓದಿ ಅಂಟಿಸಬೇಕು, ಓದು ಬರದಿದ್ದರೆ ಜೊತೆಗಿದ್ದವರು. ಮತ್ತೆ, ಒಬ್ಬರದು ಮುಗಿಯೋ ತನಕ ಇನ್ನೊಬ್ಬರದು ಮಷೀನ್‌ಗೆ ಹೋಗಲ್ಲ.

ಇದು ಅತಿ ಅನಿಸಿದರೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆದದ್ದು ಕೇಳಿ. ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಇದೇ ವ್ಯಾಂಪೈರ್ ಫೇಶಿಯಲ್ ಮಾಡಿಸಿಕೊಂಡ ಕೆಲವು ಹೆಂಗಸರಿಗೆ ಎಚ್‌ಐವಿ ತಗುಲಿತು. 2018ರಲ್ಲಿ ಬೆಳಕಿಗೆ ಬಂತು, 2024ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪೂರ್ತಿ ವರದಿ ಮಾಡಿತು. ಹೋಗಿ ನೋಡಿದರೆ ಹೆಸರೇ ಬರೆಯದ ರಕ್ತದ ಟ್ಯೂಬ್‌ಗಳು ಅಡುಗೆಮನೆಯ ಫ್ರಿಜ್‌ನಲ್ಲಿ ಊಟದ ಜೊತೆ ಇದ್ದವಂತೆ. 'ನಮ್ಮದೇ ರಕ್ತ, ಸೈಡ್ ಎಫೆಕ್ಟ್ ಇಲ್ಲ' ಅಂತ ಎಲ್ಲ ಕಡೆ ಬೋರ್ಡ್ ಹಾಕ್ತಾರೆ. ನಮ್ಮದೇ ಅಂತ ಗ್ಯಾರಂಟಿ ಇದ್ದರೆ ತಾನೇ? ಮಾಡಿಸೋಕೆ ಹೋಗೋರು ಟ್ಯೂಬ್ ಮೇಲಿನ ಹೆಸರು ನೋಡಿ, ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೀಲಿ ಅಂತ ಕೇಳಿ. ಸಣ್ಣ ಸೂಜಿಗಳಿಂದ ಚರ್ಮ ಚುಚ್ಚೋ ಡರ್ಮಾಪೆನ್‌ನ ತುದಿ, ರೋಲರ್ ಯಾವುದನ್ನೂ ಇನ್ನೊಬ್ಬರಿಗೆ ಬಳಸಬಾರದು, ತೊಳೆದರೂ ಬಾರದು.

ಯಾರಿಗೆ ಮಾಡಬಾರದು ಅನ್ನೋದು ಕಲಿಯೋಕೂ ಟೈಮ್ ಹಿಡೀತು. ಪ್ಲೇಟ್‌ಲೆಟ್ ಕಡಿಮೆ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಬಸುರಿಯರು, ಮುಖದ ಮೇಲೆ ಹಸಿ ಮೊಡವೆ, ಕೀವು ಇರೋರು, ಇವರನ್ನು ವಾಪಸ್ ಕಳಿಸ್ತೀನಿ. ಮಂಡಿನೋವಿಗೆ ಅಂತ ದಿನಾ ನೋವಿನ ಮಾತ್ರೆ ನುಂಗೋರಿಗೆ, ನಿಲ್ಲಿಸೋ ಹಾಗಿದ್ದರೆ ನಿಲ್ಲಿಸಿ ಒಂದು ವಾರ ಬಿಟ್ಟು ಬನ್ನಿ ಅಂತೀನಿ. ಹೃದಯಕ್ಕೆ ಕೊಟ್ಟ ಆಸ್ಪಿರಿನ್ ಅನ್ನು ಮಾತ್ರ ಚೆಂದ ಕಾಣೋಕೆ ಅಂತ ಯಾರೂ ನಿಲ್ಲಿಸಬಾರದು, ನಿಲ್ಲಿಸಿ ಬಂದವರನ್ನೂ ನೋಡಿದ್ದೀನಿ. ಇನ್ನು ಬಂಗು. ಸೇಡಂ ಕಡೆಯ ಒಬ್ಬರು ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಟ್ಯೂಬ್ ನಾಲ್ಕು ವರ್ಷ ಹಚ್ಚಿದ್ದರು, ಸ್ಟೆರಾಯ್ಡ್ ಇರೋದು. ಕೆನ್ನೆ ಟೊಮೆಟೊ ಹಣ್ಣು, ಸಣ್ಣ ರಕ್ತನಾಳಗಳೆಲ್ಲ ಎದ್ದು ಕಾಣ್ತಿವೆ. ಪಿಆರ್‌ಪಿಗೇ ಅಂತ ರೊಕ್ಕ ಕಟ್ಟಿಕೊಂಡು ಬಂದಿದ್ದರು. ಒಂದು ರೂಪಾಯಿ ತಗೊಳ್ಳದೆ ಟ್ಯೂಬ್ ಬಿಡಿಸಿದೆ, ಬಿಡಿಸೋಕೇ ಆರು ತಿಂಗಳು ಹೋಯ್ತು. ಕಣ್ಣ ಕೆಳಗಿನ ಕಪ್ಪಿಗೂ ನಾನು ಜಾಸ್ತಿ ಆಸೆ ಹುಟ್ಟಿಸಲ್ಲ, ನಮ್ಮಲ್ಲಿ ಅದು ಬಹಳ ಜನಕ್ಕೆ ಅಮ್ಮನಿಂದ ಬಂದ ಬಣ್ಣ.

ಮೊಡವೆ ಗುಂಡಿಗಳಿಗೆ ಒಳ್ಳೇದು ಅನ್ನೋದು ನನ್ನ ಅನುಭವ, ಆದರೆ ಬರೀ ಪಿಆರ್‌ಪಿ ಅಲ್ಲ, ಮೈಕ್ರೋನೀಡ್ಲಿಂಗ್ ಜೊತೆ, ಅಂದ್ರೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚೋದರ ಜೊತೆ. ಅದರಲ್ಲೂ ಅಗಲವಾದ, ಮೆಲ್ಲಗೆ ಇಳಿದ ಗುಂಡಿಗಳಿಗೆ. ಸೂಜಿ ಚುಚ್ಚಿದ ಹಾಗಿರೋ ಸಣ್ಣ ಆಳದ ತೂತುಗಳಿಗೆ ಇದರಿಂದ ಹೆಚ್ಚೇನೂ ಆಗಲ್ಲ, ಅದಕ್ಕೆ ಬೇರೆ ದಾರಿ ಇದೆ. ಮೊದಲೇ ಹೇಳ್ತೀನಿ: ನಾಲ್ಕು ಸಿಟ್ಟಿಂಗ್, ತಿಂಗಳಿಗೊಂದು, ಮಾಡಿದ ಎರಡು ದಿನ ಮುಖ ಕೆಂಪು, ಒಂದು ವಾರ ಬಿಸಿಲಿಗೆ ಮುಖ ಕೊಡಬೇಡಿ, ಲಗ್ನ ಹದಿನೈದು ದಿನ ಇದೆ ಅನ್ನೋರು ಬರಲೇಬೇಡಿ. ಫೋಟೋ ಯಾವಾಗಲೂ ಅದೇ ಕಿಟಕಿ, ಅದೇ ಕುರ್ಚಿ, ಬೆಳಗ್ಗೆ ಹತ್ತರ ಬೆಳಕು, ಪಕ್ಕದಿಂದ. ಮುಂದಿನಿಂದ ದೊಡ್ಡ ಲೈಟ್ ಬಿಟ್ಟರೆ ಯಾರ ಮುಖದ ಗುಂಡಿ ಬೇಕಾದ್ರೂ ಮಾಯ ಮಾಡಬಹುದು, ಖರ್ಚಿಲ್ಲದೆ.

ಅಜ್ಜಿಗೆ ಆ ದಿನ ಮಷೀನ್ ಕೋಣೆಗೆ ಕರ್ಕೊಂಡು ಹೋಗಿ ತೋರಿಸಿದೆ. ಎರಡು ಸುತ್ತು ಮುಗಿಯೋ ತನಕ ಸ್ಟೂಲ್ ಹಾಕ್ಕೊಂಡು ಕೂತರು. ಕೊನೆಗೆ ಉಳಿದ 3 ಎಂಎಲ್ ನೋಡಿ, 'ಒಂದು ಕೊಡಾ ಹಾಲಿಗೆ ಇಷ್ಟ್ ಬೆಣ್ಣಿ ಬಂತಾ' ಅಂದರು. ಅಷ್ಟು ಚೆನ್ನಾಗಿ ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ರೊಕ್ಕ ಮಾತ್ರ 500 ಕಡಿಮೆ ಮಾಡಿಸಿಯೇ ಹೋದರು.

ನಾಲ್ಕನೇ ಸಿಟ್ಟಿಂಗ್ ಆಗಿ ಒಂದೂವರೆ ತಿಂಗಳಿಗೆ ಆ ಹುಡುಗಿ ಫೋಟೋಗೆ ಬಂದಳು. ಕಿಟಕಿ ಪಕ್ಕ ಕೂರಿಸಿ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದೆ. ಬಹಳ ಹೊತ್ತು ನೋಡಿದಳು, ಬೆರಳಿನಿಂದ ಕೆನ್ನೆ ಸವರಿಕೊಂಡಳು. 'ಗುಂಡಿ ಅದಾವ್ರಿ ಮೇಡಂ,' ಅಂದಳು, 'ಆದ್ರ ನೆರಳು ಕಮ್ಮಿ ಆಗ್ಯಾದ.'